ಅಭ್ಯಾಸದಲ್ಲಿ ಮಡಿದವರು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಬೆಳೆದ ನಮಗೆ ವಿಮಾನವೆಂದರೆ ಮುಗಿಲಿನಲ್ಲಿ ಮೂಡಿ ಮಾಯುವ ಬಿಳಿಗೆರೆ. ಅದನ್ನು ಕಟ್ಟುವ, ಹಾರಿಸಲು ಕಲಿಸುವ ವಿದ್ಯೆಯೆಲ್ಲ ಘಟ್ಟದ ಮೇಲಿನದು. ಆ ವಿದ್ಯೆಯ ಚರಿತ್ರೆಯಲ್ಲಿ ನಾವು ಬೇಗ ಮರೆಯುವ ಒಂದು ಪುಟವನ್ನು ಇಂದು ತಮ್ಮ ಮುಂದೆ ತೆರೆಯಬಯಸುತ್ತೇನೆ.

ಬೆಂಗಳೂರಿನಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ಹಗುರ ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. ಅದರ ಮುಂದಿನ ತಲೆಮಾರಿನದು ಕಿರಣವೆಂಬ ಜೆಟ್ ತರಬೇತಿ ವಿಮಾನ. 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಅವರೇ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಮಾರುತ ವಿಮಾನದ ಪರೀಕ್ಷಾ ಹಾರಾಟದಲ್ಲಿ ಅಸುನೀಗಿದರು.

1996ರಲ್ಲಿ ಬೀದರಿನಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡ ಇದೇ ಕಿರಣ ವಿಮಾನಗಳನ್ನು ಆರಿಸಿಕೊಂಡಿತು. ಒಂಬತ್ತು ವಿಮಾನಗಳು ಒಂದೇ ಹಕ್ಕಿಯಂತೆ ಹೊರಳುವ ಆ ನೋಟ ನಮ್ಮ ಯಕ್ಷಗಾನದ ಒಡ್ಡೋಲಗವನ್ನು ನೆನಪಿಸುತ್ತದೆ. ಅಲ್ಲಿ ಎಲ್ಲರ ಕಿವಿಯೂ ಮದ್ದಳೆಯ ಕಡೆಗಿದ್ದರೆ, ಇಲ್ಲಿ ಎಲ್ಲರ ಕಣ್ಣೂ ನಾಯಕನ ವಿಮಾನದ ಕಡೆಗೆ. ಆದರೆ ಒಡ್ಡೋಲಗದಲ್ಲಿ ಹೆಜ್ಜೆ ತಪ್ಪಿದವನು ಮುಂದಿನ ತಾಳಕ್ಕೆ ಕೂಡಿಕೊಳ್ಳಬಹುದು. ಐದು ಮೀಟರ್ ಅಂತರದಲ್ಲಿ ಹಾರುವಾಗ ಒಂದು ವಿಮಾನ ಬರಿಯ ಸೈಕಲ್ಲಿನ ವೇಗದಲ್ಲಿ, ಗಂಟೆಗೆ 18 ಕಿಲೋಮೀಟರಿನಷ್ಟು, ಪಕ್ಕಕ್ಕೆ ಸರಿದರೂ ಆ ಅಂತರ ಒಂದೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

2006ರ ಮಾರ್ಚ್ 18ರಂದು ಬೀದರಿನಲ್ಲಿ ಅಭ್ಯಾಸದ ವೇಳೆ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಮಡಿದರು. 2009ರ ಜನವರಿ 21ರಂದು ಬೀದರಿನ ಬಳಿಯೇ, ಅಭ್ಯಾಸದಲ್ಲಿಯೇ, ವಿಂಗ್ ಕಮಾಂಡರ್ ಆರ್. ಎಸ್. ಧಾಲಿವಾಲ್ ಹೋದರು. 2011ರಲ್ಲಿ ತಂಡ ಹಾರಾಟ ನಿಲ್ಲಿಸಿ, ಕೆಲವು ವರ್ಷಗಳ ಬಳಿಕ ಹಾಕ್ ವಿಮಾನಗಳೊಂದಿಗೆ ಮರಳಿತು. 2019ರ ಫೆಬ್ರುವರಿ 19ರಂದು, ವೈಮಾನಿಕ ಪ್ರದರ್ಶನಕ್ಕೆ ಒಂದೇ ದಿನ ಉಳಿದಿರುವಾಗ, ಯಲಹಂಕದಲ್ಲಿ ಎರಡು ಹಾಕ್‌ಗಳು ಆಕಾಶದಲ್ಲಿಯೇ ಡಿಕ್ಕಿಯಾದವು. ಇಬ್ಬರು ಹೊರಚಿಮ್ಮಿ ಬದುಕಿಕೊಂಡರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಬದುಕಲಿಲ್ಲ. ವಿಮಾನಗಳು ಬಿದ್ದದ್ದು ಮನೆಗಳ ಸಮೀಪ.

ನೋಡುವವರ ಸಂತೋಷಕ್ಕಾಗಿ ಇಷ್ಟು ಬೆಲೆ ಏಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ ಅದು. ಜೊತೆಗೂಡಿ ಹಾರುವ ವಿದ್ಯೆ ಯುದ್ಧಕ್ಕೂ ಬೇಕಾದದ್ದು, ಅದನ್ನು ಬಿಡಲಾಗದು ಎಂಬ ಉತ್ತರದಲ್ಲಿ ನಿಜವಿದೆ. ಆದರೆ ಆ ಉತ್ತರ ಬೆಳೆಯುತ್ತಿರುವ ಊರಿನ ನೆತ್ತಿಯ ಮೇಲೆ, ಕೆಳಮಟ್ಟದಲ್ಲಿ, ಅಭ್ಯಾಸ ನಡೆಸುವುದನ್ನು ಸಮರ್ಥಿಸದು. ಕಲಿಯುವವನು ತನ್ನ ಅಪಾಯವನ್ನು ಬಲ್ಲ. ಕೆಳಗೆ ಅಂಗಳ ಗುಡಿಸುತ್ತಿರುವವಳನ್ನು ಯಾರೂ ಕೇಳಿರುವುದಿಲ್ಲ.

ಕನ್ನಡ ನಾಡಿನ ವೀರಗಲ್ಲುಗಳು ಕಾಳಗದಲ್ಲಿ, ತುರುಗೋಳಿನಲ್ಲಿ ಬಿದ್ದವರನ್ನು ನೆನೆಯುತ್ತವೆ. ಕತ್ತಿವರಸೆ ಕಲಿಯುವಾಗ ಸತ್ತವನಿಗೆ ನಿಲ್ಲಿಸಿದ ಕಲ್ಲನ್ನು ನಾನಂತೂ ಕಂಡಿಲ್ಲ. ಗೆದ್ದ ದಿನವನ್ನು, ಮೆರೆದ ದಿನವನ್ನು ಬರೆದಿಡುವುದು ಚರಿತ್ರೆಯ ರೂಢಿ. ಅದರ ಹಿಂದಿನ ನೂರು ಮುಂಜಾವುಗಳನ್ನು ಅದು ಬರೆಯುವುದಿಲ್ಲ. ನಿಜವಾದ ಗಂಡಾಂತರವಾದರೋ ಆ ಮುಂಜಾವುಗಳಲ್ಲಿಯೂ ಅಷ್ಟೇ ಇತ್ತು; ಚಪ್ಪಾಳೆ ಮಾತ್ರ ಇರಲಿಲ್ಲ.

2021ರ ಫೆಬ್ರುವರಿಯಲ್ಲಿ ಸೂರ್ಯಕಿರಣ ತಂಡ ಅದೇ ಯಲಹಂಕದ ಪ್ರದರ್ಶನದಲ್ಲಿ ಮತ್ತೆ ಹಾರಿತು. ಜನ ತಲೆಯೆತ್ತಿ ನೋಡಿದರು, ಹರ್ಷಪಟ್ಟರು, ಅದು ಸಹಜ. ಆ ಹರ್ಷದ ಲೆಕ್ಕದಲ್ಲಿ ಬೀದರಿನ ಮೂವರನ್ನೂ ಯಲಹಂಕದ ಒಬ್ಬರನ್ನೂ ಸೇರಿಸಿಕೊಂಡರೆ ಮಾತ್ರ ಲೆಕ್ಕ ಸರಿಹೋದೀತು.