ದಂಡಿನಲ್ಲಿ ಇಳಿಯುವುದೋ, ಪೇಟೆಯಲ್ಲಿ ಇಳಿಯುವುದೋ: ಬೆಂಗಳೂರಿನ ತಂಗುದಾಣಗಳ ಚರಿತ್ರೆ

ಬೆಂಗಳೂರಿಗೆ ಮೊದಲ ಸಲ ಬರುವ ಪರಸ್ಥಳದವರು ಎಲ್ಲಿ ಇಳಿದುಕೊಳ್ಳಬೇಕೆಂಬ ಪ್ರಶ್ನೆಗೆ ಕಳೆದ ಒಂದೂವರೆ ಶತಮಾನದಲ್ಲಿ ದೊರೆತ ಉತ್ತರಗಳನ್ನು ಗಮನಿಸಿದರೆ, ಆಯ್ಕೆ ಬಂದವರ ಕೈಯಲ್ಲಿದ್ದದ್ದು ತೀರ ಕಡಿಮೆಯೆಂಬುದು ಕಂಡುಬರುತ್ತದೆ. ರೈಲು ಎಲ್ಲಿ ನಿಲ್ಲುತ್ತದೆ, ಬಂದ ಕೆಲಸ ಯಾವ ಕಚೇರಿಯಲ್ಲಿದೆ, ತಮ್ಮವರಿಗೆ ಯಾವ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ ಎಂಬ ಮೂರು ಸಂಗತಿಗಳೇ ಬಹುಮಟ್ಟಿಗೆ ಪ್ರವಾಸಿಯ ರಾತ್ರಿಯ ನೆಲೆಯನ್ನು ಗೊತ್ತುಮಾಡುತ್ತಿದ್ದವು. ಕಿಸೆಯಲ್ಲಿದ್ದ ಹಣದ ಮಾತು ಆಮೇಲಿನದು.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಒಂದು ಹಗಲಿನಲ್ಲಿ ನಡೆದು ಸುತ್ತಬಹುದಾದಷ್ಟು ಚಿಕ್ಕದಾಗಿತ್ತು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಉಪ್ಪಾರಪೇಟೆ ಎಂದು ಕಸುಬು ಕಸುಬಿಗೆ ಬೀದಿ ಹಂಚಿಹೋಗಿದ್ದ ಊರಿನಲ್ಲಿ ಹೊರಗಿನಿಂದ ಸರಕು ತಂದ ವರ್ತಕನಿಗೆ ತನ್ನ ಸರಕಿನ ಬೀದಿಯೇ ಸಹಜವಾದ ನೆಲೆಯಾಗಿತ್ತು. ಅಂಥ ನಂಟಿಲ್ಲದ ಯಾತ್ರಿಕರಿಗೆ ಛತ್ರಗಳಿದ್ದವು. ಛತ್ರವೆಂದರೆ ಅರಸರೋ ವರ್ತಕರೋ ಪುಣ್ಯಕಾರ್ಯವೆಂದು ಕಟ್ಟಿಸಿ, ಅದರ ಖರ್ಚಿಗೆ ಭೂಮಿಯನ್ನೋ ಅಂಗಡಿ ಬಾಡಿಗೆಯನ್ನೋ ಬಿಟ್ಟುಕೊಟ್ಟ ತಂಗುಮನೆ; ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟಿಗೆಗಿಂತ ಇದು ಒಂದು ಮೆಟ್ಟಿಲು ಮೇಲಿನ ಧರ್ಮ. ಮೈಸೂರು ಸಂಸ್ಥಾನದಲ್ಲಿ ಇಂಥ ಅನೇಕ ಛತ್ರಗಳ ಉಸ್ತುವಾರಿಯನ್ನು ದೇವಾಲಯ ಮತ್ತು ಧರ್ಮಸಂಸ್ಥೆಗಳನ್ನು ನೋಡಿಕೊಳ್ಳುವ ಮುಜರಾಯಿ ಇಲಾಖೆ ಹೊತ್ತಿತ್ತು. ನಡುವೆ ತೊಟ್ಟಿ, ಸುತ್ತ ಕಂಬಸಾಲಿನ ಪಡಸಾಲೆ, ಹಿತ್ತಲಲ್ಲಿ ಬಾವಿ, ಮೂಲೆಯಲ್ಲಿ ಒಲೆಗಳ ಸಾಲು, ಇಷ್ಟು ಅದರ ಸೌಕರ್ಯ. ಚಾಪೆ ಬಂದವರದು, ಸೌದೆಯನ್ನೂ ಅವರೇ ಕೊಳ್ಳಬೇಕು. ಸಾಮಾನ್ಯವಾಗಿ ಮೂರು ದಿನ ಕಳೆದರೆ ಜಾಗ ಬಿಟ್ಟುಕೊಡಬೇಕು. ಈ ಮೂರು ದಿನದ ಕಟ್ಟಳೆ ಜಿಪುಣತನದ್ದಲ್ಲ. ಬಾಡಿಗೆಯಿಲ್ಲದ ಮನೆಯಲ್ಲಿ ಅತಿಥಿ ಒಕ್ಕಲಾಗಿಬಿಡದಂತೆ ತಡೆಯಲು ಛತ್ರದ ಪಾರುಪತ್ತೇಗಾರನಿಗೆ ಇದ್ದದ್ದು ಇದೊಂದೇ ಉಪಾಯ.

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಜ್ವರದ ಹವೆಯಿಂದ ತಪ್ಪಿಸಿಕೊಂಡು ಹಲಸೂರಿನ ಆಸುಪಾಸಿಗೆ ಬಂದು ನೆಲೆಸಿದ ಮೇಲೆ ಬೆಂಗಳೂರು ಎರಡಾಯಿತು. ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಬೇರೆ ಭಾಷೆಯ, ಬೇರೆ ಊಟದ, ಬೇರೆ ಆಡಳಿತದ ಊರು; ನಡುವೆ ಬಯಲು, ಮುಂದೆ 1870ರಲ್ಲಿ ಅಲ್ಲಿಯೇ ಕಬ್ಬನ್ ಪಾರ್ಕು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. 1864ರಲ್ಲಿ ಜೋಲಾರಪೇಟೆಯಿಂದ ಹಾಸಿದ ಮೊದಲ ರೈಲು ಹಳಿ ಬಂದು ಮುಟ್ಟಿದ್ದೂ ದಂಡನ್ನೇ. ಮದ್ರಾಸಿನಿಂದ ಬಂದ ದೊರೆಗಳಿಗೆ ಇದರಿಂದ ಅನುಕೂಲವಾಯಿತು. 1887ರಲ್ಲಿ ಹತ್ತು ಕೋಣೆಗಳ ವಸತಿಗೃಹವಾಗಿ ಶುರುವಾದ ವೆಸ್ಟ್ ಎಂಡ್ ಹೋಟೆಲು ಅಂಥವರಿಗಾಗಿಯೇ ಹುಟ್ಟಿಕೊಂಡದ್ದು. ಪೇಟೆಯಲ್ಲಿ ಕೆಲಸವಿದ್ದವರಾದರೋ ದಂಡಿನಲ್ಲಿ ಇಳಿದು, ಗಂಟುಮೂಟೆಯೊಂದಿಗೆ ಜಟಕಾ ಹಿಡಿದು, ಬಯಲು ದಾಟಿ ಬರಬೇಕಾಗುತ್ತಿತ್ತು.

1880ರ ದಶಕದ ಆರಂಭದಲ್ಲಿ ಮೈಸೂರಿನ ಕಡೆಗೆ ಮೀಟರ್ ಗೇಜ್ ಹಳಿ ಬಿದ್ದು ಪೇಟೆಯ ಪಶ್ಚಿಮಕ್ಕೆ ಸಿಟಿ ರೈಲು ನಿಲ್ದಾಣ ಬೆಳೆದಾಗ ಈ ಲೆಕ್ಕಾಚಾರ ಬದಲಾಯಿತು. ನಿಲ್ದಾಣಕ್ಕೂ ಪೇಟೆಗೂ ನಡುವೆ ಇದ್ದದ್ದು ಧರ್ಮಾಂಬುಧಿ ಕೆರೆ. ರೈಲಿನಿಂದ ಇಳಿದ ಬಡ ಪ್ರಯಾಣಿಕ ಪೇಟೆಯೊಳಗಿನ ಛತ್ರ ಹುಡುಕಿಕೊಂಡು ಅಲೆಯುವ ಬದಲು ನಿಲ್ದಾಣದ ಎದುರಿಗೇ ತಂಗುವಂತಾದರೆ ಹೇಗೆ ಎಂದು ಯೋಚಿಸಿದವರಲ್ಲಿ ಗುಬ್ಬಿ ತೋಟದಪ್ಪನವರು (1838–1910) ಪ್ರಮುಖರು. ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ಈ ವರ್ತಕರು ನಿಲ್ದಾಣದ ಸಮೀಪ ಜಾಗ ಕೊಂಡು, 20ನೇ ಶತಮಾನದ ಆರಂಭದಲ್ಲಿ ಪ್ರವಾಸಿಗರಿಗೆ ಧರ್ಮಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನೆಲೆಗೊಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದನ್ನಿತ್ತರು. ಬೆಂಗಳೂರಿನ ತಂಗುದಾಣಗಳ ಚರಿತ್ರೆಯಲ್ಲಿ ಈ ಕಟ್ಟಡಕ್ಕೆ ಸಲ್ಲಬೇಕಾದ ಮಹತ್ವ ದಾನದ ಮೊತ್ತದಿಂದ ಬಂದದ್ದಲ್ಲ, ಜಾಗದ ಆಯ್ಕೆಯಿಂದ ಬಂದದ್ದು: ಹೊಸಬನ ಮೊದಲ ರಾತ್ರಿ ಇನ್ನು ಮುಂದೆ ಗುಡಿಯ ಪಕ್ಕದಲ್ಲಲ್ಲ, ನಿಲ್ದಾಣದ ಪಕ್ಕದಲ್ಲಿ ಕಳೆಯುತ್ತದೆ ಎಂಬುದನ್ನು ತೋಟದಪ್ಪನವರು ಸರಕಾರಕ್ಕಿಂತ ಮೊದಲೇ ಗ್ರಹಿಸಿದಂತಿದೆ.

ಓದಲು ಬಂದವರ ಕಥೆ ಸ್ವಲ್ಪ ಬೇರೆ. ಸೆಂಟ್ರಲ್ ಕಾಲೇಜಿಗೆ ಸೇರಲು ಬಂದ ಹಳ್ಳಿಯ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿಯಿತ್ತು; ವಾರದ ಒಂದೊಂದು ದಿನ ಒಂದೊಂದು ಮನೆಯವರು ಊಟ ಹಾಕುವ ಈ ಏರ್ಪಾಟಿನಲ್ಲಿ ಏಳು ಮನೆ ಹೊಂದಿಸಿಕೊಳ್ಳಲಾಗದ ಹುಡುಗ ಖಾಲಿ ಬಿದ್ದ ದಿನ ಉಪವಾಸವಿರಬೇಕಾಗುತ್ತಿತ್ತು. ಮಿಕ್ಕ ಸಮುದಾಯಗಳ ಹುಡುಗರಿಗೆ ಅದೂ ಇರಲಿಲ್ಲ. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘವೂ ಅದರ ಓರಗೆಯ ಇತರ ಜಾತಿಸಂಘಗಳೂ ವಿದ್ಯಾರ್ಥಿನಿಲಯಗಳನ್ನು ತಮ್ಮ ಮುಖ್ಯ ಕಾರ್ಯವಾಗಿ ಎತ್ತಿಕೊಂಡದ್ದು ಈ ಹಿನ್ನೆಲೆಯಲ್ಲಿ. ಹಾಸ್ಟೆಲುಗಳನ್ನು ಜಾತಿಯ ಕೋಟೆಗಳೆಂದು ಮೂಗು ಮುರಿಯುವವರು, ಅವು ಇಲ್ಲದಿದ್ದರೆ ಆ ಹುಡುಗರಿಗೆ ನಗರದಲ್ಲಿ ಕಾಲಿಡಲೂ ನೆಲವಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

ದುಡ್ಡು ಕೊಟ್ಟು ತಂಗುವ ಪದ್ಧತಿ ಪೇಟೆಯ ಕಡೆ ವ್ಯಾಪಕವಾದದ್ದು 20ನೇ ಶತಮಾನದ ಮೊದಲ ಅರ್ಧದಲ್ಲಿ, ಮುಖ್ಯವಾಗಿ ಉಡುಪಿ ಕಡೆಯ ಹೋಟೆಲಿನವರ ಮೂಲಕ. ಕೆಳಗೆ ಕಾಫಿ ತಿಂಡಿ ಊಟ, ಮಹಡಿಯಲ್ಲಿ ಕೋಣೆಗಳು, ಹೊರಗೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು. ಅಡುಗೆಯವರು ಬ್ರಾಹ್ಮಣರೆಂಬ ಕಾರಣಕ್ಕೆ ಮಡಿವಂತರೂ ಅಲ್ಲಿ ಧೈರ್ಯವಾಗಿ ಉಣ್ಣುತ್ತಿದ್ದರು. ಮಾಂಸದ ಊಟಕ್ಕೆ ಮಿಲಿಟರಿ ಹೋಟೆಲುಗಳಿದ್ದವು. ಹಣವಿದ್ದರೆ ಎಲ್ಲರಿಗೂ ಕೋಣೆ ಎಂಬುದು ಮಾತ್ರ ಹೇಳಲಷ್ಟೇ ಚೆನ್ನ. ಊಟದ ಮನೆಯಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಭಾಗವಿರುವುದು ಆಗ ಸಾಮಾನ್ಯವಾಗಿತ್ತು, ದಲಿತರಿಗಂತೂ ಛತ್ರದ ಬಾಗಿಲೂ ಹೋಟೆಲಿನ ಬಾಗಿಲೂ ಒಂದೇ ರೀತಿ ಮುಚ್ಚಿದ್ದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಜೊತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರೆತ್ತಿ ಹೇಳಬೇಕಾಗಿ ಬಂದದ್ದು ಇದಕ್ಕಾಗಿಯೇ. ಸರಾಯಿ ಮತ್ತು ಮುಸಾಫಿರಖಾನೆ ಎಂದರೆ ಪಾರಸಿ, ಅರಬ್ಬಿ ಮೂಲದ ಹೆಸರಿನ ಪ್ರವಾಸಿಮಂದಿರಗಳು.

ಈ ನಡುವೆ ಊರಿನ ನಕ್ಷೆಯೇ ತಿರುವುಮುರುವಾಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಅವಜ್ಞೆಗೆ ಈಡಾಗಿ, ಧರ್ಮಾಂಬುಧಿ ಒಣಗಿ ಮೈದಾನವಾಯಿತು, ಕಡೆಗೆ ಅದೇ ತಳದ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾದವು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ 7 ಲಕ್ಷವನ್ನು ದಾಟಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ರೂಪುಗೊಂಡಾಗ ಧಾರವಾಡ, ಬಿಜಾಪುರ, ಕಲಬುರಗಿ, ಮಂಗಳೂರುಗಳ ಜನರಿಗೂ ಬೆಂಗಳೂರೇ ರಾಜಧಾನಿಯಾಗಿ, ವರ್ಗಾವಣೆಯ ಅರ್ಜಿ, ಹೈಕೋರ್ಟಿನ ದಾವೆ, ವಿಧಾನಸೌಧದ ಕಡತಗಳ ಬೆನ್ನು ಹತ್ತಿ ಬಂದವರು ರೈಲು ಬಸ್ಸುಗಳೆರಡೂ ನಿಲ್ಲುವ ಮೆಜೆಸ್ಟಿಕ್ಕಿನ ಸುತ್ತ ತುಂಬಿಕೊಂಡರು. ಒಂದು ಚಿತ್ರಮಂದಿರದಿಂದ ಹೆಸರು ಪಡೆದ ಈ ಪ್ರದೇಶ, ಪಕ್ಕದ ಗಾಂಧಿನಗರ, ಉಪ್ಪಾರಪೇಟೆ, ಕಾಟನ್‌ಪೇಟೆಗಳೊಂದಿಗೆ ಲಾಡ್ಜುಗಳ ಊರೇ ಆಯಿತು.

ಈ ಲಾಡ್ಜುಗಳಿಗೆ ತಮ್ಮದೇ ಆದ ನಡಾವಳಿಯಿದೆ. ಕೌಂಟರಿನಲ್ಲಿ ಉದ್ದನೆಯ ರಿಜಿಸ್ಟರು. ಅದರಲ್ಲಿ ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ ಎಂಬ ಕಲಮುಗಳು. ಉದ್ದೇಶದ ಕಲಮಿನಲ್ಲಿ ಬಹುಮಂದಿ ‘ಸ್ವಂತ ಕೆಲಸ’ ಎಂದು ಬರೆದು ಮುಗಿಸುತ್ತಾರೆ. ಬಿಸಿನೀರು ಬೆಳಿಗ್ಗೆ ಎರಡು ಮೂರು ತಾಸು ಮಾತ್ರ, ರಾತ್ರಿ ಬಸ್ಸಿನಿಂದ ಇಳಿದವರು ಸ್ನಾನ ಮುಗಿಸಿ ಕಚೇರಿ ತೆರೆಯುವ ಹೊತ್ತಿಗೆ ಹೊರಡುವುದಕ್ಕೆ ಸರಿಯಾಗಿ. ಬಾಡಿಗೆ ಇಪ್ಪತ್ನಾಲ್ಕು ತಾಸಿನ ಲೆಕ್ಕದಲ್ಲಿ ಓಡುವುದರಿಂದ ಅನುಭವಸ್ಥರು ಕೋಣೆ ಹಿಡಿಯುವ ಗಳಿಗೆಯನ್ನೇ ಹಿಂದುಮುಂದು ಮಾಡಿ, ಎರಡು ಹಗಲಿನ ಕೆಲಸವನ್ನು ಒಂದು ದಿನದ ಬಾಡಿಗೆಯಲ್ಲಿ ಮುಗಿಸಲು ನೋಡುತ್ತಾರೆ. ಜೋಳದ ರೊಟ್ಟಿಯಿಲ್ಲದೆ ಊಟವಾಗದ ಉತ್ತರ ಕರ್ನಾಟಕದವರ ಬೆನ್ನಿಗೇ ಖಾನಾವಳಿಗಳೂ ಬಂದವು. ಇಷ್ಟೂ ಬೇಡವೆನ್ನುವವರಿಗೆ ಶಾಸಕರ ಭವನವಿತ್ತು: ತಮ್ಮ ಕ್ಷೇತ್ರದ ಶಾಸಕರಿಗೆ ಕೊಟ್ಟ ಕೋಣೆಯಲ್ಲಿ ಜಮಖಾನೆ ಹಾಸಿ ಸಾಲಾಗಿ ಮಲಗುವ ಹಳ್ಳಿಗರ ಪಾಲಿಗೆ ಅದು ಹಳೆಯ ಛತ್ರವೇ, ಮೂರು ದಿನದ ಕಟ್ಟಳೆಯೊಂದನ್ನು ಬಿಟ್ಟು.

1990ರ ದಶಕದ ನಂತರ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳು ಬೆಳೆದು, 2007ರಲ್ಲಿ ಬೃಹತ್ ಪಾಲಿಕೆ ರಚನೆಯಾಗಿ ನಗರ 700 ಚದರ ಕಿಲೋಮೀಟರನ್ನು ಮೀರಿ ಹರಡಿದ ಮೇಲೆ, ಕೆಲಸ ಒಂದು ಅಂಚಿನಲ್ಲೂ ಮೆಜೆಸ್ಟಿಕ್ಕು ನಡುವಿನಲ್ಲೂ ಉಳಿದವು. ಮೊದಲ ಸಂದರ್ಶನಕ್ಕೆ ಬರುವ ತರುಣ ತರುಣಿಯರು ಲಾಡ್ಜನ್ನು ಬಿಟ್ಟು ಬಿ.ಟಿ.ಎಂ. ಬಡಾವಣೆ, ಮಾರತಹಳ್ಳಿಗಳ ಪಿ.ಜಿ.ಗಳಿಗೆ, ಅಂದರೆ ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ ಹಿಡಿದು ಊಟವನ್ನೂ ಹಾಕುವ ಮನೆಗಳಿಗೆ, ನೇರವಾಗಿ ಹೋಗತೊಡಗಿದರು. ಆದರೂ ಹಳೆಯ ರೂಢಿ ಸುಲಭವಾಗಿ ಸಡಿಲಲಿಲ್ಲ. ವಾಯವ್ಯದ ಕಡೆಯ ದೂರದ ಬಸ್ಸುಗಳನ್ನು ಹೊರಗೇ ತಡೆಯಲೆಂದು 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನು ತೆರೆದಾಗ ಪ್ರಯಾಣಿಕರು ಅಲ್ಲಿ ನಿಲ್ಲಲೊಲ್ಲದೆ, ಹೆಚ್ಚು ಕಾಲ ಕಳೆಯುವ ಮೊದಲೇ ಬಸ್ಸುಗಳು ಮೆಜೆಸ್ಟಿಕ್ಕಿಗೆ ಮರಳಿದವು. ನಿಲ್ದಾಣವನ್ನು ಕಟ್ಟಿದವರು ಅದರ ಸುತ್ತ ಒಂದು ಗಾಂಧಿನಗರವನ್ನು ಕಟ್ಟಿರಲಿಲ್ಲ. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಶುರುವಾದ ವಿಶ್ವೇಶ್ವರಯ್ಯ ರೈಲು ಟರ್ಮಿನಲ್ಲಿನ ರೀತಿ ಬೇರೆಯಾಗಿದೆ. ಪೂರ್ವ ಮತ್ತು ಈಶಾನ್ಯ ಭಾರತದ ಅನೇಕ ರೈಲುಗಳು ಅಲ್ಲಿಗೇ ಬಂದು ನಿಲ್ಲುತ್ತವೆ, ಅವುಗಳಿಂದ ಇಳಿಯುವ ಕಾರ್ಮಿಕರು ಲಾಡ್ಜನ್ನೂ ಹುಡುಕುವುದಿಲ್ಲ, ಪಿ.ಜಿ.ಯನ್ನೂ ಹುಡುಕುವುದಿಲ್ಲ; ಮೊದಲೇ ಬಂದು ನೆಲೆಸಿದ ತಮ್ಮೂರಿನವನ ಕೋಣೆಯ ವಿಳಾಸವನ್ನು ಫೋನಿನಲ್ಲಿ ಹಿಡಿದು, ಪೇಟೆಯನ್ನಾಗಲಿ ದಂಡನ್ನಾಗಲಿ ಹೊಗದೆ, ಕೆಲಸ ನಡೆಯುವ ಅಂಚಿನ ಬಡಾವಣೆಗಳ ಕಡೆಗೆ ಸಾಗುತ್ತಾರೆ.