ಪೊರೆ ತೆಗೆದ ಮೇಲೆ ಗುಳಿಗೆ ಏಕೆ?

ವಿಕ್ರೋಳಿಯಲ್ಲಿರುವ ನನ್ನ ಸೋದರಮಾವನಿಗೆ ಈಚೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ವಾರ ಕಳೆದು ಹೋದಾಗ ಮೇಜಿನ ಮೇಲೆ 'ಕಣ್ಣಿನ ವಿಟಮಿನ್' ಡಬ್ಬಿ ಮೂರು ಇದ್ದವು. ಡಾಕ್ಟರು ಬರೆದುಕೊಟ್ಟ ಕಣ್ಣಿನ ಹನಿಮದ್ದು ಮಾತ್ರ ಮುಗಿದಿತ್ತು, ಮತ್ತೆ ತರಿಸಿರಲಿಲ್ಲ. ಕೇಳಿದರೆ, "ವಿಟಮಿನ್ ಕಣ್ಣಿಗೆ ಒಳ್ಳೆಯದು ಅಂತ ಶಾಲೆಯಲ್ಲೇ ಕಲಿಸಿದ್ದಾರಲ್ಲ ಮಾರಾಯ" ಎಂದರು. ಮಾವ ಹೇಳಿದ್ದು ಸುಳ್ಳಲ್ಲ. ಆದರೆ ಅದು ಬೇರೊಂದು ಕುರುಡಿನ ಕಥೆ.

1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಡೇವಿಸ್ ಬೆಣ್ಣೆ, ಮೊಟ್ಟೆಯ ಕೊಬ್ಬಿನಲ್ಲಿ ಕಂಡುಕೊಂಡ ಅಂಶವೇ ಮುಂದೆ ವಿಟಮಿನ್ 'ಎ' ಆಯಿತು. ಅದರ ಕೊರತೆಯಿಂದ ಮಕ್ಕಳಿಗೆ ಮೊದಲು ಇರುಳುಗಣ್ಣು ಬರುತ್ತದೆ. ಮುಂದೆ ಕಣ್ಣು ಒಣಗಿ, ಹುಣ್ಣಾಗಿ, ದೃಷ್ಟಿಯೇ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಕಾಡ್ ಮೀನೆಣ್ಣೆ ಬರುವುದು ನಿಂತಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಮೀನಿನ ಯಕೃತ್ತಿನಿಂದ ಎಣ್ಣೆ ತೆಗೆಯತೊಡಗಿದರು. 1970ರಿಂದ ಭಾರತ ಸರ್ಕಾರ ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ 'ಎ' ಕುಡಿಸಿತು. 'ಕಣ್ಣಿಗೆ ವಿಟಮಿನ್' ಎಂಬ ನಂಬಿಕೆ ಬೇರೂರಿದ್ದು ಹೀಗೆ.

ಪೊರೆಯ ಹಾದಿ ಬೇರೆ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಮಂಜಾಗುತ್ತದೆ. ಅದನ್ನು ತೆಗೆಯುವುದೊಂದೇ ದಾರಿ. ಬೀಳಗಿಯ ಡಾ. ಎಂ. ಸಿ. ಮೋದಿ (1916–2005) ಊರೂರಲ್ಲಿ ಶಿಬಿರ ಹೂಡಿ ಲಕ್ಷಗಟ್ಟಲೆ ಜನರಿಗೆ ಪೊರೆ ತೆಗೆದರು. ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಅವರದು. ಆ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕ ಹಾಕಲೇಬೇಕಿತ್ತು. ಕಣ್ಣೊಳಗೆ ಕೃತಕ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಕೂರಿಸಿದ್ದರೂ, ನಮ್ಮಲ್ಲಿ ಅದು ಸಾಮಾನ್ಯರಿಗೆ ದೊರೆತದ್ದು 1994ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ ಆರಂಭವಾದ ಮೇಲೆ. ಅದರ ಏಳು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು.

ಹಾಗಾದರೆ ಈ ಡಬ್ಬಿಗಳು ಎಲ್ಲಿಂದ ಬಂದವು? 2001ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್, ಸತುವು ಕೂಡಿದ ಗುಳಿಗೆಯನ್ನು ಪರೀಕ್ಷಿಸಿತು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಒಂದು ಹಂತಕ್ಕೆ ಬಂದವರಲ್ಲಿ ಅದು ವಿಷಮಿಸುವ ಸಂಭವ ಸುಮಾರು 25% ತಗ್ಗಿತು. ಪೊರೆಯ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ. ಬೀಟಾ ಕ್ಯಾರೋಟಿನ್ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆಂದು ಗೊತ್ತಾಗಿದ್ದರಿಂದ, 2013ರ ಎರಡನೇ ಅಧ್ಯಯನ ಅದರ ಬದಲು ಲ್ಯೂಟಿನ್, ಜಿಯಾಕ್ಸಾಂಥಿನ್ ಕೊಟ್ಟು ನೋಡಿತು. ಒಟ್ಟಾರೆ, ಅದರಿಂದಲೂ ಪೊರೆಯ ಆಪರೇಷನ್ ತಪ್ಪಲಿಲ್ಲ.

ಮಾವನ ಕಣ್ಣಲ್ಲಿ ಈಗಿರುವುದು ಕೃತಕ ಮಸೂರ. ಅದಕ್ಕೆ ವಿಟಮಿನ್ ಬೇಕಿಲ್ಲ. ಮುಂದೆ ಅದರ ಹಿಂದಿನ ಪದರ ಮಂಜಾದರೆ ಲೇಸರ್‌ನಿಂದ ಸರಿಪಡಿಸುತ್ತಾರೆ, ಗುಳಿಗೆಯಿಂದಲ್ಲ. ಉರಿಯೂತ ತಗ್ಗಿಸಿ ಸೋಂಕು ತಡೆಯಲು ಸದ್ಯ ಬೇಕಿರುವುದು ಹನಿಮದ್ದು. ಅಕ್ಷಿಪಟಲದ ಕಾಯಿಲೆ ಇದ್ದರೆ ಗುಳಿಗೆ ಬೇಕೋ ಬೇಡವೋ ಎಂದು ಡಾಕ್ಟರೇ ಹೇಳಬೇಕು.

ಒಡೆಯದ ಎರಡು ಡಬ್ಬಿಗಳನ್ನು ಅಂಗಡಿಗೆ ಹಿಂತಿರುಗಿಸಿ ಹನಿಮದ್ದು ತಂದೆ. ಅಂದು ರಾತ್ರಿ ಅತ್ತೆ ಬಸಳೆ ಸಾರು ಮಾಡಿದ್ದರು. "ಇದನ್ನಾದರೂ ತಿನ್ನಬಹುದೋ?" ಎಂದರು ಮಾವ.