ಪದ್ಧತಿ ಅನ್ನಾಂವ ಯಾರು?

ಕುಂದಗೋಳದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿನ ದಾರಿ ಕಾಯುತ್ತ ಕುಳಿತಿದ್ದೆ. ಎದುರಿನ ಕಂಬಕ್ಕೆ ಒಂದರ ಕೆಳಗೊಂದು ಮೂರು ತಗಡಿನ ಬೋರ್ಡು. ಮೇಲಿನದು, ‘ಶಾಸ್ತ್ರೀಯ ಪದ್ಧತಿಯಲ್ಲಿ ಸಂಗೀತ ಕಲಿಸಲಾಗುವುದು’. ನಡುವಿನದು, ‘ವೈಜ್ಞಾನಿಕ ಪದ್ಧತಿಯಲ್ಲಿ ಮಣ್ಣು ಪರೀಕ್ಷೆ’. ಕೆಳಗಿನದು, ‘ವಿನೂತನ ಪದ್ದತಿಯಲ್ಲಿ ಮೂಲವ್ಯಾಧಿ ಚಿಕಿತ್ಸೆ’. ಬಾಜೂ ಕುಳಿತ ಅಜ್ಜ ಮೂರನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಬಾಯಲ್ಲಿದ್ದ ಎಲೆ-ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ನನ್ನ ಕಡೆ ಹೊರಳಿದ.

“ಮಾಸ್ತರ, ಈ ಪದ್ಧತಿ ಅನ್ನಾಂವ ಯಾರ್ರೀ? ಹಾಡ ಕಲಸ್ತಾನಂತ, ಮಣ್ಣ ನೋಡ್ತಾನಂತ, ಮೂಲವ್ಯಾಧಿನೂ ತಗೀತಾನಂತ!”

ಚ್ಯಾಷ್ಟಿ ಮಾಡಿದನೋ, ಖರೇನೇ ಕೇಳಿದನೋ ತಿಳಿಯಲಿಲ್ಲ. ಉತ್ತರ ಹೊಳೆಯುವಷ್ಟರಲ್ಲಿ ಅವನ ಬಸ್ಸು ಬಂತು. ಈ ಬರಹ ಅವನಿಗೆ ಕೊಡಬೇಕಾಗಿದ್ದ ಉತ್ತರ.

ಪದ, ಹತಿ ಎಂದು ಸಂಧಿ ಬಿಡಿಸುವ ಕೆಲಸ ನಿಘಂಟಿನವರಿಗಿರಲಿ. ಅವರ ಪ್ರಕಾರ ಹತಿ ಎಂದರೆ ಬಡಿತ, ತುಳಿತ; ಪದ ಎಂದರೆ ಕಾಲು. ನಮ್ಮ ಧಾರವಾಡ ಸೀಮೆಯಲ್ಲಿ ಪದ ಎಂದರೆ ಹಾಡು. ಬೀಸುವ ಪದ, ಗೀಗಿ ಪದ, ತತ್ವಪದ. “ಒಂದ ಪದಾ ಹೇಳವಾ” ಎಂದರೆ ಇಲ್ಲಿ ಯಾರೂ ಕಾಲು ಮುಂದೆ ಮಾಡುವುದಿಲ್ಲ. ಹಾಗಾದರೆ ಪದ್ಧತಿ ಕಾಲಿನದೋ, ಹಾಡಿನದೋ? ಎರಡರದೂ ಎಂಬುದು ನನ್ನ ಸಿದ್ಧಾಂತ. ಈ ಶಬ್ದ ಹುಟ್ಟಿದ್ದು ಪಾಠಶಾಲೆಯಲ್ಲಲ್ಲ, ಕಣದಲ್ಲಿ.

ನವಲಗುಂದದ ಕಡೆ ನನ್ನ ತಾಯಿಯ ತವರು. ಎರೆ ಹೊಲ, ಬಿಳಿಜೋಳ. ಸುಗ್ಗಿ ಬಂದರೆ ಕಣದ ನಟ್ಟನಡುವೆ ಮೇಟಿ, ಸುತ್ತ ತೆನೆ ಹಾಸು, ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳ ಹಂತಿ. ತಂಪು ಹೊತ್ತಿನಲ್ಲಿ ಶುರುವಾದರೆ ಬೆಳ್ಳಿ ಮೂಡುವವರೆಗೆ ನಡೆಯುತ್ತಿತ್ತು. ಎತ್ತಿನ ಹಿಂದೆ ಒಬ್ಬ ಹಂತಿ ಪದ ಎತ್ತುವವ, ತೆನೆ ತಿರುವಿ ಹಾಕುತ್ತ ಸೊಲ್ಲು ಹಿಡಿಯುವವರು ಇಬ್ಬರು. ಹಾಡು ನಿಧಾನವಾದರೆ ಎತ್ತು ನಿಧಾನ. ಹಾಡುವವ ಬೀಡಿ ಹಚ್ಚಲು ನಿಂತರೆ ಎತ್ತೂ ನಿಂತು ಒಂದು ಬಾಯಿ ತೆನೆ ಎಳೆದುಕೊಳ್ಳುತ್ತಿತ್ತು. ಮುಂಜಾನೆ ರಾಶಿ ಅಳೆಯುವಾಗ ಮೊದಲ ಅಳತೆಗೆ ನಾನು ದೊಡ್ಡ ದನಿಯಲ್ಲಿ “ಒಂದು” ಅಂದೆ. ಸೋದರಮಾವನ ಕೈ ಬೆನ್ನಿಗೆ ಬಿತ್ತು. ಒಂದು ಅನ್ನಬಾರದು, ‘ಲಾಭ’ ಅನ್ನಬೇಕು, ಎಣಿಕೆ ಎರಡರಿಂದ. ಯಾಕೆ ಎಂದು ಅಳುತ್ತ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಎರಡೇ ಮಾತು: “ಪದ್ಧತಿ ಐತಿ.”

ಎತ್ತಿನ ಪದ ಮತ್ತು ಹಾಡಿನ ಪದ ಒಂದೇ ಸುತ್ತಿನಲ್ಲಿ ಬೀಳುವ ಜಾಗ ಕಣವೊಂದೇ. ಒಮ್ಮೆ ತುಳಿದರೆ ಕಾಳು ಬಿಡುವುದಿಲ್ಲ. ಮತ್ತೆ ಮತ್ತೆ ತುಳಿಯಬೇಕು, ಮತ್ತೆ ಮತ್ತೆ ಹಾಡಬೇಕು. ಅದೇ ಪದ್ಧತಿ. ಈ ಸಿದ್ಧಾಂತವನ್ನು ಸಂಸ್ಕೃತ ಕಲಿಸುವ ಗೆಳೆಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, “ಬಿಸಲ ಭಾಳ ಆಗೇದ, ನೀರ ಕುಡಿ” ಎಂದ.

ನನ್ನ ಪರವಾಗಿ ಒಂದು ಗಾದೆ ಇದೆ: ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ.’ ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ‘ಹಾಡಿದರೆ ರಾಗ’ ಎಂದಿದ್ದರೆ ಗಾದೆ ಸುಳ್ಳಾಗುತ್ತಿತ್ತು. ಎಷ್ಟೋ ಮದುವೆ ಮನೆಗಳಲ್ಲಿ ಅದಕ್ಕೆ ಸಾಕ್ಷಿ ಸಿಗುತ್ತದೆ. ಹಾಡ್ತಾ ಎಂಬುದು ಎರಡು ಸಲ ಬಂದದ್ದಕ್ಕೇ ರಾಗ ಹುಟ್ಟಿತು. ರಾಗಕ್ಕೂ ರೋಗಕ್ಕೂ ನಡುವೆ ಇರುವುದು ಒಂದು ಸ್ವರ ಮಾತ್ರ, ಆ ಹೋಗಿ ಓ ಬಂದರೆ ಆಯಿತು. ನಮ್ಮ ಸೋದರತ್ತೆ ಈ ಗಾದೆಯ ಉತ್ತರಾರ್ಧವನ್ನು ಮಾತ್ರ ಬಳಸುತ್ತಿದ್ದಳು, ಅದೂ ನೆರೆಮನೆಯ ಒಬ್ಬಾಕೆಗಾಗಿ. ಆಕೆ ಕಳೆ ತೆಗೆಯಲು ಹೋಗುವ ದಿನವೆಲ್ಲ ಮೊಣಕಾಲು ಹಿಡಿದು ನರಳುತ್ತಿದ್ದಳು. ಹತ್ತು ವರ್ಷ ಸುಳ್ಳೇ ನರಳಿ, ಹನ್ನೊಂದನೇ ವರ್ಷ ನಿಜವಾದ ಮೊಣಕಾಲು ನೋವು ಬಂದಾಗ ಯಾರೂ ನಂಬಲಿಲ್ಲ. ‘ಉಗುಳ್ತಾ ಉಗುಳ್ತಾ ರೋಗ’ ಎಂಬ ಪಾಠವೂ ಇದೆ. ಅದರ ಪರ ಕಾಗದ ಬರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ನರಳುವವರ ಪಕ್ಷ. ಉಗುಳುವುದು ಯಾರಿಗೂ ಬರುತ್ತದೆ. ನರಳುವುದಕ್ಕೆ ಸಾಧನೆ ಬೇಕು.

ಗಾದೆಯಲ್ಲಿ ಹಾಡಿನವರೂ ವೈದ್ಯರೂ ಬಂದರು, ಮಣ್ಣು ಪರೀಕ್ಷೆಯವರು ಉಳಿದರು. ‘ಅಳೀತಾ ಅಳೀತಾ ಶಾಸ್ತ್ರ’ ಎಂದು ಮೂರನೆಯ ತುಂಡು ಸೇರಿಸಿ ನೋಡಿದೆ. ಹೊಂದಲಿಲ್ಲ. ಗಾದೆ ಒಬ್ಬನೇ ಕುಳಿತು ಮಾಡುವ ಪದಾರ್ಥವಲ್ಲ.

ಕುಂದಗೋಳದಲ್ಲಿ ಕುಳಿತು ಹಾಡಿನ ಪದ್ಧತಿಯ ಮಾತು ತೆಗೆದರೆ ಸವಾಯಿ ಗಂಧರ್ವರನ್ನು ದಾಟಿ ಹೋಗಲಾಗದು. ಅಬ್ದುಲ್ ಕರೀಂ ಖಾನರ ಶಿಷ್ಯ ರಾಮಭಾವು ಕುಂದಗೋಳಕರ್ ಅವರೇ ಸವಾಯಿ ಗಂಧರ್ವರು (1886–1952). ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಈ ಊರಿಗೆ ಪಾಠಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಉಳಿದು ನೀರು ಹೊತ್ತರು. ಗುರುಗಳು ಅವರಿಂದ ತಿದ್ದಿಸಿದ ರಾಗಗಳೆಂದರೆ ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ. ವರ್ಷಗಟ್ಟಲೆ ಅಷ್ಟೇ. ಈಗಿನ ತಾಯಿ-ತಂದೆ ಇದನ್ನು ಕೇಳಿದರೆ ಫೀ ವಾಪಸ್ ಕೇಳಿಯಾರು. ಅದೇ ಕಾಲದ ಭಾತಖಂಡೆಯವರು ಘರಾಣೆಗಳ ಕೊರಳಲ್ಲಿದ್ದುದನ್ನು ಕಾಗದಕ್ಕೆ ಇಳಿಸಿ ಸಂಪುಟಗಳನ್ನೇ ಬರೆದರು. ಮರಾಠಿಯ ಆ ಪುಸ್ತಕಗಳಿಗೆ ಅವರಿಟ್ಟ ಹೆಸರು ‘ಹಿಂದುಸ್ತಾನೀ ಸಂಗೀತ ಪದ್ಧತಿ’. ಕಾಗದದ ಪದ್ಧತಿ ಪರೀಕ್ಷೆಗೆ ಬಂತು. ನೀರು ಹೊರುವ ಪದ್ಧತಿ ಕೊರಳಿಗೆ ಬಂತು.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು ಪಿಟೀಲು ಕಲಿಯುತ್ತಾಳೆ, ‘ಸುಜುಕಿ ಪದ್ಧತಿ’ಯಲ್ಲಿ. ಊರಲ್ಲಿ ಹೇಳಿದರೆ, “ಗಾಡಿ ಕಲಿಯೂ ವಯಸ್ಸೇನ್ರಿ ಅಕೀದು?” ಎಂದರು. ಗಾಡಿಯ ಸುಜುಕಿ ಬೇರೆ. ಇವರು ಜಪಾನಿನ ಶಿನಿಚಿ ಸುಜುಕಿ (1898–1998). ಮಗು ತಾಯಿಮಾತು ಕಲಿಯುವಂತೆಯೇ ಪಿಟೀಲನ್ನೂ ಕೇಳಿ ಕೇಳಿ, ನುಡಿಸಿ ನುಡಿಸಿ ಕಲಿಯಬೇಕು ಎಂದವರು. ಅವರಲ್ಲದೆ ಮತ್ತೊಬ್ಬ ಸುಜುಕಿ ಇದ್ದಾರೆ, ರಸಾಯನಶಾಸ್ತ್ರದ ಅಕಿರಾ ಸುಜುಕಿ. 2010ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. ಪಲ್ಲಾಡಿಯಂ ಎಂಬ ಲೋಹದ ನೆರವಿನಿಂದ ಕಾರ್ಬನ್ನಿಗೆ ಕಾರ್ಬನ್ ಬೆಸೆಯುವುದು ಅವರ ಪದ್ಧತಿ. ನನ್ನ ಬಿ.ಪಿ.ಗೆ ದಿನಾ ನುಂಗುವ ಲೋಸಾರ್ಟನ್ ಗುಳಿಗಿಯ ತಯಾರಿಕೆಯಲ್ಲೂ ಈ ಬೆಸುಗೆ ಬಳಕೆಯಾಗಿದೆ. ಮೊಮ್ಮಗಳ ಪಿಟೀಲು, ವಿಜ್ಞಾನಿಯ ಬೆಸುಗೆ, ಅಜ್ಜನ ಔಷಧ, ಮೂರಕ್ಕೂ ಒಂದೇ ಹೆಸರು! ಪಲ್ಲಾಡಿಯಂ ಏನು ಮಾಡುತ್ತದೆ ಗೊತ್ತೇ? ಒಂದು ಬೆಸುಗೆ ಮುಗಿಸಿ, ಮೊದಲಿನ ರೂಪಕ್ಕೇ ಮರಳಿ, ಮತ್ತೊಂದು ಸುತ್ತು ಹೊರಡುತ್ತದೆ. ಮೇಟಿ ಸುತ್ತುವ ಎತ್ತು! ಸಂಸ್ಕೃತದ ಗೆಳೆಯನಿಗೆ ಇದನ್ನು ಇನ್ನೂ ಹೇಳಿಲ್ಲ.

ವಿಜ್ಞಾನ ನೋಡಲು ಜಪಾನಿಗೇ ಹೋಗಬೇಕೆಂದಿಲ್ಲ, ಅಣ್ಣಿಗೇರಿ ಸಾಕು. ‘ಅಣ್ಣಿಗೇರಿ-1’ ಕಡಲೆ ಗೊತ್ತಿಲ್ಲದ ಎರೆ ಹೊಲದ ರೈತ ಇಲ್ಲ. ಅದಕ್ಕೆ ಸೊರಗು ರೋಗ ಕಾಡಿತು. ವಿಜ್ಞಾನಿಗಳು ರೋಗ ತಡೆಯುವ ಇನ್ನೊಂದು ತಳಿಯ ಜೊತೆ ಕೂಡಿಸಿದರು, ಹುಟ್ಟಿದ್ದನ್ನು ಮತ್ತೆ ಅಣ್ಣಿಗೇರಿಯ ಜೊತೆಗೇ ಕೂಡಿಸಿದರು, ಮತ್ತೆ, ಮತ್ತೆ. ರೋಗ ತಡೆಯುವ ಗುಣವೊಂದು ಉಳಿದು ಮಿಕ್ಕದ್ದೆಲ್ಲ ಹಳೆಯ ಅಣ್ಣಿಗೇರಿಯೇ ಆಗುವವರೆಗೆ. ಹೊರಬಂದದ್ದು ‘ಸೂಪರ್ ಅಣ್ಣಿಗೇರಿ-1’. ಸೂಪರ್ ಎಂಬ ಹೆಸರಿನ ಬಗ್ಗೆ ನನಗೆ ತಕರಾರಿದೆ, ಕಡಲೆಯ ಬಗ್ಗೆ ಇಲ್ಲ.

ಕಲಘಟಗಿಯ ಭತ್ತದವರಿಗೆ ‘ಶ್ರೀ ಪದ್ಧತಿ’ ಗೊತ್ತು. ಎಳೆಯ ಸಸಿ, ಗುಣಿಗೆ ಒಂದೇ, ಚೌಕಾಕಾರದ ಅಂತರ, ನಿಲ್ಲದ ನೀರು. ಶ್ರೀ ಎಂದರೆ ಲಕ್ಷ್ಮಿ ಎಂದು ಕೈ ಮುಗಿದವರಿದ್ದಾರೆ. ಅದು ಇಂಗ್ಲಿಷಿನ ಮೂರು ಮೊದಲಕ್ಷರಗಳು ಕೂಡಿ ಆದ ಶ್ರೀ. ಆ ಪದ್ಧತಿಯನ್ನು 1980ರ ದಶಕದಲ್ಲಿ ಮಡಗಾಸ್ಕರಿನ ಗದ್ದೆಗಳಲ್ಲಿ ರೂಪಿಸಿದವರು ಹೆನ್ರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿ. ಅವರೂ ಒಂದು ದಿನದಲ್ಲಿ ಕಂಡವರಲ್ಲ. ರೈತರ ಜೊತೆ ವರ್ಷಗಟ್ಟಲೆ ಗದ್ದೆ ತುಳಿದವರು.

ತುಳಿದದ್ದೆಲ್ಲ ಒಳ್ಳೆಯ ದಾರಿಯೇ ಎಂದು ನಾನು ಹೇಳಲಾರೆ. ಜೀತ ಪದ್ಧತಿ ಎನ್ನುವಾಗಲೂ ಇದೇ ಶಬ್ದ. ತಲೆಮಾರುಗಟ್ಟಲೆ ಸವೆದ ಆ ದಾರಿಗೆ ಮುಳ್ಳು ಹಚ್ಚಲು 1976ರ ಕಾಯ್ದೆ ಬೇಕಾಯಿತು. ಮಾತುಕತೆಗೆ ಬಂದ ಬೀಗರು “ನಮ್ಮಲ್ಲಿ ಹಂಗ ಪದ್ಧತಿ ಐತ್ರಿ” ಎಂದಾಗ ಹೆಣ್ಣಿನ ಕಡೆಯವರ ಎದೆ ಝಲ್ಲೆನ್ನುವುದನ್ನು ನೋಡಿದ್ದೇನೆ. ಅಲ್ಲಿ ಪದ್ಧತಿ ಎಂದರೆ ಎಷ್ಟು ತೊಲೆ ಎಂದರ್ಥ. ಯಾಕೆ ಎಂದು ಕೇಳಿದವನ ಬೆನ್ನಿಗೆ ಬೀಳುವ ಕೈ ಎಲ್ಲ ಕಣದಲ್ಲೂ ಇರುತ್ತದೆ.

ಆದರೂ ಈಗಿನವರ ಬಾಯಲ್ಲಿ ಆಗುತ್ತಿರುವ ಗತಿ ನೋಡಿದರೆ ಈ ಶಬ್ದದ ಮೇಲೆ ಕನಿಕರ ಬರುತ್ತದೆ. ಅಡುಗೆ ಹೇಳಿಕೊಡುವವಳಿಗೆ ‘ಮೆಥಡ್’ ಬೇಕು, ದವಾಖಾನೆಗೆ ‘ಪ್ರೊಸೀಜರ್’ ಬೇಕು, ಕಚೇರಿಗೆ ‘ಪ್ರೊಸೆಸ್’ ಬೇಕು. “ಪದ್ಧತಶೀರ ಕೂಡು” ಎಂದು ಹುಡುಗರಿಗೆ ಹೇಳಿದರೆ ಮುಖ ಮುಖ ನೋಡುತ್ತಾರೆ. ಉಳಿದ ಪದ್ಧತಿಯೆಲ್ಲ ಬೋರ್ಡಿಗೆ ಹೋಗಿ ಸೇರಿದೆ, ಅಲ್ಲೂ ‘ವಿನೂತನ’ ಎಂಬ ಬಾಲ ಹಚ್ಚಿಕೊಂಡು. ಯಾರೂ ತುಳಿಯದ ದಾರಿಗೆ ಪದ್ಧತಿ ಎನ್ನುವುದು ಹೇಗೆ? ಹೊಸದಾಗಿದ್ದರೆ ಅದು ಇನ್ನೂ ಪದ್ಧತಿಯಲ್ಲ. ಪದ್ಧತಿಯಾಗಿದ್ದರೆ ಅದು ಹೊಸದಲ್ಲ.

ಮರುವಾರ ಮತ್ತೆ ಕುಂದಗೋಳಕ್ಕೆ ಹೋದಾಗ ಅಜ್ಜ ಸಿಗಲಿಲ್ಲ. ಬೋರ್ಡು ಬರೆಯುವ ಹುಡುಗ ಸಿಕ್ಕ, ಅದೇ ಕಂಬದ ಕೆಳಗೆ ನಾಲ್ಕನೆಯ ತಗಡಿಗೆ ಬಣ್ಣ ಹಚ್ಚುತ್ತ. ಮೂರನೆಯ ಬೋರ್ಡು ತೋರಿಸಿ, “ತಮ್ಮಾ, ವ್ಯಾಧಿಗೆ ಮಹಾಪ್ರಾಣ ಕೊಟ್ಟೀ, ಪದ್ಧತೀದ ತಗದೀಯಲ್ಲೋ. ದಕ್ಕ ಧ ಒತ್ತು ಕೊಡಬೇಕು” ಎಂದೆ. ಅವನು ಬೋರ್ಡನ್ನೂ ನೋಡಿದ, ನನ್ನನ್ನೂ ನೋಡಿದ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ, ಬಹಳ ಮರ್ಯಾದೆಯಿಂದಲೇ ಹೇಳಿದ:

“ಹತ್ತ ವರ್ಷಾತು ಸರ, ಇಡೀ ತಾಲೂಕಿಗೆ ಹಿಂಗ ಬರಕೋಂತ ಬಂದೇನಿ. ನಮ್ಮಲ್ಲಿ ಇದ ಪದ್ದತಿ ಐತ್ರಿ.”